ಗೂಟ ಮೂರು, ಹಗ್ಗ ಉದ್ದ: ಮನೆಯಲ್ಲೇ ಕಲಿಯುವ ಮಗುವಿನ ದಿನದ ಪಾಠ

ಜೂನ್ ಮೊದಲ ವಾರ ಕೇರಳದಲ್ಲಿ ಶಾಲೆ ಶುರು. ನಮ್ಮ ಗೇಟಿನ ಎದುರು ಬಣ್ಣಬಣ್ಣದ ಕೊಡೆಗಳು ಸಾಲಾಗಿ ಹೋಗುತ್ತವೆ. ನಮ್ಮ ಮಕ್ಕಳಿಬ್ಬರೂ ಜಗಲಿಯಲ್ಲಿ ಕೂತು ನೋಡುತ್ತಾರೆ. ಪಕ್ಕದ ಮನೆಯ ಅಕ್ಕ ಪ್ರತಿ ವರ್ಷ ತಪ್ಪದೆ ಕೇಳುತ್ತಾರೆ: "ಈ ವರ್ಷವೂ ಕಳಿಸುವುದಿಲ್ವಾ ಮಾರಾಯ್ತಿ? ಮನೆಯಲ್ಲೇ ಕೂತು ಎಂತ ಕಲೀತಾವೆ ಮಕ್ಕಳು?"

ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ ನಮ್ಮದು. ಮಗಳಿಗೆ ಈಗ ಹನ್ನೆರಡು, ಮಗನಿಗೆ ಎಂಟು. ಮನೆಯಲ್ಲೇ ಪಾಠ ಶುರು ಮಾಡಿ ನಾಲ್ಕು ವರ್ಷ ಆಯಿತು. ಈ ದಾರಿ ಹಿಡಿಯಬೇಕು ಎಂದಿರುವವರಿಗೆ, ಶಾಲೆಗೆ ಹೋಗುವ ಮಕ್ಕಳನ್ನು ಸಂಜೆ ಓದಲು ಕೂರಿಸಲು ಒದ್ದಾಡುವವರಿಗೆ ಕೂಡ, ನಮ್ಮಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಕಾಗದಪತ್ರದ ಮಾತು

ಬೇಗ ಮುಗಿಸೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದವರಿಗೆ ಶಿಕ್ಷೆ ಇಂಥದ್ದು ಎಂದು ಮಾತ್ರ ಹೇಳುವುದಿಲ್ಲ. ಮನೆಶಾಲೆಯ ಹೆಸರೇ ಅದರಲ್ಲಿಲ್ಲ. ಅಂದರೆ ಬೆನ್ನು ತಟ್ಟುವವರೂ ಇಲ್ಲ, ಕೈ ಹಿಡಿದು ತಡೆಯುವವರೂ ಇಲ್ಲ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 4ನೇ ಸೆಕ್ಷನ್. ಶಾಲೆ ಬಿಟ್ಟ ಅಥವಾ ಸೇರದೇ ಇದ್ದ ಮಗು ಮುಂದೆ ಸೇರಲು ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಾಗಾಗಿ ವಾಪಸ್ ಹೋಗುವ ಬಾಗಿಲು ತೆರೆದೇ ಇದೆ. ಇದು ಗೊತ್ತಿದ್ದರೆ ಅಜ್ಜ ಅಜ್ಜಿಯರ ಆತಂಕ ಅರ್ಧ ಇಳಿಯುತ್ತದೆ.

ಪುಸ್ತಕಕ್ಕೆ ದೂರ ಹೋಗಬೇಕಾಗಿಲ್ಲ. ಶಾಲಾ ಪಠ್ಯ ರೂಪಿಸುವ ಕೇರಳದ ಸರ್ಕಾರಿ ಸಂಸ್ಥೆ ಎಸ್‌ಸಿಇಆರ್‌ಟಿ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ತರುತ್ತದೆ. ಸಮಗ್ರ ಎಂಬ ಸರ್ಕಾರಿ ತಾಣದಲ್ಲಿ ಪಿಡಿಎಫ್ ಸುಮ್ನೆ ಸಿಗುತ್ತದೆ. ಒಂದು ಎಚ್ಚರಿಕೆ: 1, 3, 5, 7, 9ನೇ ತರಗತಿಯ ಪುಸ್ತಕಗಳು 2024ರಲ್ಲಿ ಬದಲಾದವು, 2, 4, 6, 8, 10ನೆಯವು 2025ರಲ್ಲಿ. ನೆಂಟರ ಮನೆಯ ಅಟ್ಟದಿಂದ ಇಳಿಸಿದ ಹಳೆ ಪುಸ್ತಕ ಓದಲು ಒಳ್ಳೆಯದೇ. ಆದರೆ ಮಗು ಮುಂದೆ ಶಾಲೆಗೆ ಸೇರುವ ಸಾಧ್ಯತೆ ಇದ್ದರೆ ಹೊಸದು ಕೈಯಲ್ಲಿರಲಿ.

ಎರಡು ವಾರ ಏನೂ ಕಲಿಸಬೇಡಿ

ಮೊದಲ ವರ್ಷದ ನನ್ನ ಪೆದ್ದುತನ ಕೇಳಿ. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. 9ರಿಂದ 9.40 ಕನ್ನಡ, 9.40ರಿಂದ 10.20 ಗಣಿತ, ಹೀಗೆ. ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಡಿದು ಬೆಲ್ ಕೂಡ ಹೊಡೆದೆ. ಮೂರನೇ ವಾರ ತೋಟಕ್ಕೆ ಕೆಲಸದವರು ಬಂದರು, ಹತ್ತೂವರೆಗೆ ಅವರಿಗೆ ಚಾ ಆಗಬೇಕು. ಮರುದಿನ ದನ ಹಗ್ಗ ಬಿಚ್ಚಿಕೊಂಡು ಗುಡ್ಡೆ ಹತ್ತಿತು. ಅದರ ಮರುದಿನ ಗಾಳಿಮಳೆಗೆ ತಂತಿಯ ಮೇಲೆ ಮರ ಬಿತ್ತು, ಎರಡು ದಿನ ಕರೆಂಟಿಲ್ಲ. ಟೈಮ್‌ಟೇಬಲ್ ಹರಿದುಹೋಯಿತು ಎನ್ನುವುದು ದೊಡ್ಡ ವಿಷಯವಲ್ಲ. "ಇವತ್ತೂ ಆಗ್ಲಿಲ್ಲ" ಎಂಬ ಗೊಣಗಾಟ ನನ್ನಿಂದ ಮಗಳಿಗೆ ಅಂಟಿತು, ಬೇಜಾರಿನ ಸಂಗತಿ ಅದು.

ಆಮೇಲೆ ಎರಡು ವಾರ ಪುಸ್ತಕ ಮುಚ್ಚಿಟ್ಟು ಸುಮ್ನೆ ನೋಡಿದೆ. ನೀವೂ ಅದನ್ನೇ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ: ಮಗು ಯಾವ ಹೊತ್ತಿಗೆ ಚುರುಕು, ಯಾವಾಗ ಕಿರಿಕಿರಿ, ಯಾರೂ ಹೇಳದೆ ಏನನ್ನು ಎಷ್ಟು ಹೊತ್ತು ಮಾಡಿತು. ಮನೆಯ ದಿನದಲ್ಲಿ ಏನೇ ಆದರೂ ತಪ್ಪದ ಹೊತ್ತುಗಳು ಯಾವುವು ಎಂದೂ ಬರೆಯಿರಿ. ನಮ್ಮಲ್ಲಿ ಅಂಥವು ಮೂರೇ ಸಿಕ್ಕಿದವು. ಬೆಳಗ್ಗಿನ ತಿಂಡಿ. ಮಧ್ಯಾಹ್ನದ ಊಟ. ಸಂಜೆ ದೇವರಿಗೆ ದೀಪ ಇಡುವುದು.

ಗೂಟ ಹೊಡೆಯುವುದು

ಕರುವನ್ನು ಮೇಯಲು ಕಟ್ಟುವಾಗ ಗೂಟವನ್ನು ಗಟ್ಟಿ ಹೊಡೆಯುತ್ತೇವೆ, ಹಗ್ಗವನ್ನು ಉದ್ದ ಬಿಡುತ್ತೇವೆ ಅಲ್ವಾ? ಪಾಠವನ್ನೂ ಹಾಗೆ ಕಟ್ಟಿದೆ. ಗಡಿಯಾರದ ಗಂಟೆಗೆ ಕಟ್ಟಲಿಲ್ಲ, ಆ ಮೂರು ಗೂಟಕ್ಕೆ ಕಟ್ಟಿದೆ. ತಿಂಡಿಯ ತಟ್ಟೆ ತೊಳೆದಿಟ್ಟ ಕೂಡಲೇ ತಲೆಗೆ ಹೆಚ್ಚು ಕೆಲಸ ಕೊಡುವ ಪಾಠ. ನಮಗೆ ಅದು ಗಣಿತ. ಊಟದ ನಂತರ ಒಬ್ಬೊಬ್ಬರೇ ಓದುವ ಹೊತ್ತು, ಮಲಗಿಕೊಂಡು ಓದಿದರೂ ಸೈ. ದೀಪ ಇಟ್ಟ ಮೇಲೆ ನೆನಪಿನ ಕೆಲಸ. ತಿಂಡಿ ಎಂಟಕ್ಕಾಗಲಿ ಒಂಬತ್ತೂವರೆಗಾಗಲಿ, ತಟ್ಟೆ ತೊಳೆದ ಮೇಲೆ ಪುಸ್ತಕ ಎನ್ನುವುದು ಬದಲಾಗುವುದಿಲ್ಲ. ದನ ಓಡಿದ ದಿನವೂ ತಿಂಡಿ ತಿನ್ನುತ್ತೇವಲ್ಲ.

ದೀಪ ಇಟ್ಟ ಮೇಲೆ ಮಕ್ಕಳು ಕಾಲು ತೊಳೆದು ಬಂದು ಮಗ್ಗಿ, ವಾರ, ತಿಂಗಳು, ನಕ್ಷತ್ರ ಬಾಯಿಪಾಠ ಹೇಳುವುದು ನಮ್ಮ ಊರಿನ ಹಳೆಯ ಕ್ರಮ. ನಮ್ಮ ಅಜ್ಜಿ ಹಾಗೆ ಹೇಳಿಸುತ್ತಿದ್ದರು. ಅದನ್ನು ಬಿಟ್ಟು ಎಲ್ಲಿಂದಲೋ ಹೊಸ ಪದ್ಧತಿ ತರುವ ಅಗತ್ಯ ನನಗೆ ಕಾಣಲಿಲ್ಲ. ಅದರೊಳಗೆ ಏನು ಹಾಕಬೇಕು ಎನ್ನುವುದನ್ನು ಮಾತ್ರ ಬದಲಿಸಿದೆ.

ಎಷ್ಟು ಹೊತ್ತು? ನಮ್ಮ ಅನುಭವದ ಲೆಕ್ಕ ಇದು. ಆರೇಳು ವರ್ಷಕ್ಕೆ ಒಂದು ಸಲಕ್ಕೆ 15 ನಿಮಿಷ, ದಿನಕ್ಕೆ ಒಟ್ಟು ಒಂದೂಕಾಲು ಗಂಟೆ. ಎಂಟರಿಂದ ಹತ್ತರವರೆಗೆ 20–25 ನಿಮಿಷ, ಒಟ್ಟು ಎರಡು ಗಂಟೆ. ಹನ್ನೆರಡಕ್ಕೆ ಬಂದಾಗ 35–40 ನಿಮಿಷ, ಒಟ್ಟು ಮೂರೂವರೆ ಗಂಟೆ. ಇಷ್ಟು ಕಡಿಮೆಯಾ ಎಂದು ಕೇಳುತ್ತಾರೆ. ಮನೆಯಲ್ಲಿ ಹಾಜರಿ ಕರೆಯುವುದಿಲ್ಲ, ನಲವತ್ತು ಮಕ್ಕಳು ಬರೆದು ಮುಗಿಸಲಿ ಎಂದು ಕಾಯುವುದೂ ಇಲ್ಲ. ಎದುರಿಗೆ ಇರುವುದು ಒಂದೋ ಎರಡೋ ಮಗು.

ಒಂದು ಪಾಠ ಹೇಗೆ ನಡೆಯಬೇಕು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಉಳಿದದ್ದೆಲ್ಲ ಆಚೀಚೆ ಆದರೂ ನಡೆಯುತ್ತದೆ.

ಪುಸ್ತಕ ತೆರೆಯುವ ಮೊದಲು ನಿನ್ನೆಯದ್ದನ್ನು ಕೇಳಿ. "ನಿನ್ನೆ ಎಂತ ಮಾಡಿದೆವು ಮಗಾ?" ಅಷ್ಟೇ. ಎರಡು ನಿಮಿಷ. ಮಗು ತಡವರಿಸುತ್ತದೆ, ಕಣ್ಣು ಮೇಲೆ ಮಾಡುತ್ತದೆ, ಅರ್ಧ ಹೇಳುತ್ತದೆ. ನಮಗೆ ಬಾಯಿ ತುರಿಸುತ್ತದೆ, ಉತ್ತರ ಹೇಳಿಬಿಡೋಣ ಎನಿಸುತ್ತದೆ. ಹೇಳಬೇಡಿ. ಆ ತಡಕಾಟದಲ್ಲೇ ನೆನಪು ಗಟ್ಟಿಯಾಗುವುದು. ಅದೇ ಪುಟವನ್ನು ಮತ್ತೆ ನಾಲ್ಕು ಸಲ ಓದಿದರೆ ಗೊತ್ತಿದೆ ಎಂಬ ಭ್ರಮೆ ಬರುತ್ತದೆ, ಪುಸ್ತಕ ಮುಚ್ಚಿದರೆ ಏನೂ ಬಾಯಿಗೆ ಬರುವುದಿಲ್ಲ.

ಆಮೇಲೆ ಹೊಸದು, ಒಂದೇ ಒಂದು ವಿಷಯ. ಹತ್ತು ನಿಮಿಷದ ಒಳಗೆ ಹೇಳಿ ಮುಗಿಸಿ. ನಂತರ ಪುಸ್ತಕ ಮುಚ್ಚಿ, ಮಗು ಅದನ್ನು ತನ್ನ ಮಾತಿನಲ್ಲಿ ನಿಮಗೆ ಹೇಳಲಿ. ನಮ್ಮ ಸಣ್ಣವ ಅಜ್ಜನಿಗೆ ಹೇಳುತ್ತಾನೆ. ಅಜ್ಜನಿಗೆ ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕಾಗುತ್ತದೆ. ಅದೂ ಒಳ್ಳೆಯದೇ ಆಯಿತು! ಕೊನೆಗೆ ಕೈಯಲ್ಲಿ ಮಾಡುವ ಕೆಲಸ: ಲೆಕ್ಕವೋ, ಚಿತ್ರವೋ, ನಾಲ್ಕು ಸಾಲಿನ ಬರಹವೋ.

ಒಂದು ದಿನದ ಗಣಿತವನ್ನೇ ಹೇಳುತ್ತೇನೆ. ಅಡಿಕೆ ಸಸಿ ನೆಡಲು 9 ಅಡಿಗೆ 9 ಅಡಿ ಅಂತರ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಮೀಟರಿನಲ್ಲಿ 2.7. ಮಗಳು ವಿಸ್ತೀರ್ಣ ಕಲಿಯುತ್ತಿದ್ದಳು. ಮನೆ ಹಿಂದೆ 72 ಅಡಿ ಉದ್ದ, 45 ಅಡಿ ಅಗಲದ ಜಾಗ ಖಾಲಿ ಇತ್ತು. ಎಷ್ಟು ಸಸಿ ಬೇಕು ಎಂದು ಕೇಳಿದೆ. 72 ಗುಣಿಸು 45 ಅಂದರೆ 3240, ಒಂದು ಸಸಿಗೆ 81 ಚದರ ಅಡಿ, ಭಾಗಿಸಿದರೆ 40. ಸರಿ. ಆಮೇಲೆ ಇಬ್ಬರೂ ಹಗ್ಗ, ಗೂಟ ಹಿಡಿದುಕೊಂಡು ಹೋದರು. ಮೂಲೆಯಲ್ಲಿ ಒಂದು ಗೂಟ ಹಾಕಿ 9 ಅಡಿಗೊಂದರಂತೆ ಹಾಕುತ್ತಾ ಹೋದರೆ ಒಂದು ಸಾಲಿಗೆ 9 ಗೂಟ ಬಂತು. ಸಾಲು 6. ಒಟ್ಟು 54!

"ಅಮ್ಮಾ, ಲೆಕ್ಕ ತಪ್ಪು" ಎಂದಳು. ತಮ್ಮ "ಅಕ್ಕನೇ ತಪ್ಪು" ಎಂದ. ಜಗಳ ಆಯಿತು. ನಾನು ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ತಟ್ಟೆ ತೊಳೆಯುವಾಗ ಅವಳಿಗೇ ಹೊಳೆಯಿತು. 72 ಅಡಿಯಲ್ಲಿ 9 ಅಡಿಯ ಎಡೆ ಎಂಟು. ಎಡೆ ಎಂಟಾದರೆ ಗೂಟ ಒಂಬತ್ತು. ಅಜ್ಜ ನಕ್ಕು, "ಗಡಿಯಲ್ಲೇ ನೆಟ್ಟರೆ ಅರ್ಧ ಮರ ಪಕ್ಕದವರ ಜಾಗದಲ್ಲಿ. ಗಡಿಯಿಂದ ನಾಲ್ಕೂವರೆ ಅಡಿ ಒಳಗೆ ಶುರು ಮಾಡು" ಎಂದರು. ಹಾಗೆ ಮಾಡಿದರೆ ಸಾಲಿಗೆ ಎಂಟು, ಐದು ಸಾಲು, ಸರಿಯಾಗಿ 40. ಒಂದು ಎಕರೆ 43,560 ಚದರ ಅಡಿ, ಹಾಗಾದರೆ 537 ಮರ ಎಂಬ ಲೆಕ್ಕವನ್ನು ಯಾರೂ ಕೇಳದೆ ಮಾಡಿದಳು. ಇಂಥ ಪಾಠ ತಿಂಗಳಿಗೆ ಒಂದೋ ಎರಡೋ ಸಿಗುತ್ತದೆ. ಉಳಿದ ದಿನ ಪುಸ್ತಕದ ಲೆಕ್ಕಗಳೇ. ಅದರಲ್ಲಿ ನಾಚಿಕೆ ಪಡಬೇಕಾದದ್ದೇನಿಲ್ಲ. ದಿನವೂ ತೋಟಕ್ಕೆ ಹೋಗಿ ಕಲಿಸುತ್ತೇವೆ ಎನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಐದು ಡಬ್ಬಿಯ ಕೆಲಸ

ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಗಂಟೆಗಳಲ್ಲಿ, ಮೊದಲ ದಿನ ಮರೆವು ಜಾಸ್ತಿ, ಆಮೇಲೆ ನಿಧಾನ. ಹಾಗಾಗಿ ಒಂದೇ ದಿನ ಹತ್ತು ಸಲ ಹೇಳಿಸುವುದಕ್ಕಿಂತ ದಿನ ಬಿಟ್ಟು ದಿನ ಬಿಟ್ಟು ಕೇಳುವುದು ಲಾಭ. ಇದನ್ನು ಡಬ್ಬಿಗೆ ಇಳಿಸಿದವನು ಸೆಬಾಸ್ಟಿಯನ್ ಲೈಟ್ನರ್, 1972ರಲ್ಲಿ.

ಮಾಡುವುದು ಸುಲಭ. ಖಾಲಿಯಾದ ಐದು ಸ್ವೀಟ್ ಡಬ್ಬಿ ತೆಗೆದುಕೊಳ್ಳಿ. ಮದುವೆ ಕಾಗದದ ಹಿಂಭಾಗ ಕತ್ತರಿಸಿ ಚೀಟಿ ಮಾಡಿ. ಒಂದು ಮಗ್ಗುಲಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ. ಹೊಸ ಚೀಟಿ ಮೊದಲ ಡಬ್ಬಿಗೆ. ಸರಿ ಹೇಳಿದರೆ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದರೆ ಎಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ಮೊದಲ ಡಬ್ಬಿ ದಿನವೂ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ವಾರಕ್ಕೆ, ಐದನೆಯದು ತಿಂಗಳಿಗೊಮ್ಮೆ. ದಿನಕ್ಕೆ ಐದು ಹೊಸ ಚೀಟಿಗಿಂತ ಹೆಚ್ಚು ಹಾಕಬೇಡಿ. ನಾವು ಉತ್ಸಾಹದಲ್ಲಿ ಇಪ್ಪತ್ತು ಹಾಕಿ, ಮೊದಲ ಡಬ್ಬಿ ಮುಚ್ಚಲಾಗದಷ್ಟು ತುಂಬಿ, ಎಲ್ಲ ಚೀಟಿ ಒಲೆಗೆ ಹಾಕಿ ಹೊಸದಾಗಿ ಶುರು ಮಾಡಿದ್ದುಂಟು.

ಕಾಸರಗೋಡಿನವರಿಗೆ ಈ ಡಬ್ಬಿ ಭಾಷೆಗೆ ತುಂಬ ಉಪಕಾರಿ. ಸಪ್ತಭಾಷೆಯ ಊರು ಎಂದು ಹೆಮ್ಮೆ ಪಡುತ್ತೇವೆ, ಆದರೆ ಮಲಯಾಳ ಅಕ್ಷರ ಕಂಡರೆ ನಮ್ಮ ಮಕ್ಕಳು ಮುಖ ತಿರುಗಿಸುತ್ತವೆ. ಒಂದು ಸಣ್ಣ ಆಟದಿಂದ ಶುರು ಮಾಡಿ. ಕನ್ನಡದ ಹಾಲು ಮಲಯಾಳದಲ್ಲಿ ಪಾಲ್. ಹಲ್ಲು ಪಲ್ಲ್. ಹತ್ತು ಪತ್ತ್. ಹುಲಿ ತುಳುವಿನಲ್ಲಿ ಪಿಲಿ, ಮಲಯಾಳದಲ್ಲಿ ಪುಲಿ (ಅಲ್ಲಿ ಈಗ ಹೆಚ್ಚಾಗಿ ಚಿರತೆಗೆ ಹೇಳುತ್ತಾರೆ). ಹೂವು ಮಲಯಾಳದಲ್ಲಿ ಪೂವ್, ತುಳುವಿನಲ್ಲಿ ಪೂ. ನಮ್ಮ ಹಳೆಗನ್ನಡದಲ್ಲೂ ಇವು ಪಾಲ್, ಪುಲಿ, ಪೂ ಎಂದೇ ಇದ್ದವು, 'ಪ' ಹೋಗಿ 'ಹ' ಆದದ್ದು ಆಮೇಲೆ. ಇದನ್ನು ಹೇಳಿದ ದಿನ ಮಗ ಅಂಗಳದಲ್ಲಿ ಕಂಡದ್ದಕ್ಕೆಲ್ಲ 'ಹ' ತೆಗೆದು 'ಪ' ಹಾಕಿ ಕೂಗುತ್ತಾ ಓಡಾಡಿದ. ಕೆಲವು ಸರಿ, ಕೆಲವು ತಪ್ಪು. ಸರಿಯಾದದ್ದು ಚೀಟಿಗೆ ಹೋಯಿತು. ಬಸ್ಸಿನ ಬೋರ್ಡು ಓದುವುದೇ ಮಲಯಾಳದ ಪರೀಕ್ಷೆ.

ಅಭ್ಯಾಸ ಕೂಡಿಬರುವುದು ಹೇಗೆ

ಜಾಗ ಒಂದೇ ಇರಲಿ. ನಮ್ಮದು ಚಾವಡಿಯ ಕಿಟಕಿ ಪಕ್ಕದ ಮಣೆ, ಎದುರಿಗೆ ಕುಳ್ಳ ಮೇಜು. ಅಲ್ಲಿ ತಿಂಡಿ ತಿನ್ನುವ ಹಾಗಿಲ್ಲ, ಆಡುವ ಹಾಗಿಲ್ಲ. ಪೆನ್ಸಿಲ್, ರಬ್ಬರ್, ಸ್ಕೇಲ್ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಪೆನ್ಸಿಲ್ ಹುಡುಕಲು ಎದ್ದ ಮಗು ಕೊಟ್ಟಿಗೆ ಸುತ್ತಿ, ಬೆಕ್ಕಿನ ಮರಿ ನೋಡಿ, ಅರ್ಧ ಗಂಟೆ ಬಿಟ್ಟು ಬರುತ್ತದೆ. ಪೆನ್ಸಿಲ್ ಆಗಲೂ ಸಿಕ್ಕಿರುವುದಿಲ್ಲ.

ಶುರು ಸಣ್ಣದಿರಲಿ. "ಒಂದು ಲೆಕ್ಕ ಮಾಡು, ಮತ್ತೆ ಬೇಡ ಎನಿಸಿದರೆ ಏಳು" ಎಂದು ನಾನು ಹೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಏಳುವುದಿಲ್ಲ. ಎದ್ದರೆ ಬಿಡಬೇಕು, ಮಾತಿಗೆ ತಪ್ಪಬಾರದು. ನಿಲ್ಲಿಸುವುದನ್ನೂ ಅರ್ಧದಲ್ಲಿ ನಿಲ್ಲಿಸಿ. ಬರಹದ ಸಾಲು ಅರ್ಧಕ್ಕಿದ್ದರೆ ನಾಳೆ ಕೂತ ಕೂಡಲೇ ಕೈ ಮುಂದುವರಿಯುತ್ತದೆ.

ತಪ್ಪಿನ ಪುಸ್ತಕ ಎಂದು ಒಂದು ಇಡಿ. ತಪ್ಪಾದ ಲೆಕ್ಕವನ್ನು ಅಳಿಸದೆ ಅದರಲ್ಲಿ ಬರೆದು, ಎಲ್ಲಿ ದಾರಿ ತಪ್ಪಿತು ಎಂದು ಪಕ್ಕದಲ್ಲಿ ಒಂದು ಸಾಲು. ನಮ್ಮ ಮಗಳದ್ದರಲ್ಲಿ ಒಂದೇ ಮಾತು ಹನ್ನೊಂದು ಸಲ ಬಂದಿದೆ: "ಪ್ರಶ್ನೆ ಪೂರ್ತಿ ಓದಲಿಲ್ಲ." ನಾನು ಹೇಳಿದ್ದರೆ ಸಿಟ್ಟು ಬರುತ್ತಿತ್ತು. ತಾನೇ ಬರೆದದ್ದನ್ನು ತಾನೇ ಎಣಿಸಿದಾಗ ನಗು ಬಂತು, ಹನ್ನೆರಡನೆಯದು ಇನ್ನೂ ಬಂದಿಲ್ಲ.

ಚಾಕೊಲೇಟ್ ಲಂಚ ಬೇಡ. ಒಂದು ವಾರ ಕೊಟ್ಟು ನೋಡಿದೆ, ಎರಡನೇ ವಾರ ದರ ಏರಿತು.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಠದ ವೀಡಿಯೊ ಬೇಕಾದರೆ ನಾವೇ ಹುಡುಕಿ ತೆಗೆದು ಕೊಡುತ್ತೇವೆ, ಮುಗಿದ ಮೇಲೆ ಅದು ಅಕ್ಕಿ ಡಬ್ಬದ ಮೇಲೆ. ಈ ನಿಯಮ ಅಪ್ಪ ಅಮ್ಮನಿಗೂ ಇದೆ. ಪಾಲಿಸಲು ಹೆಚ್ಚು ಕಷ್ಟಪಟ್ಟದ್ದು ಅಪ್ಪ.

ಈ ಎಲ್ಲದರ ಗುರಿ ಒಂದೇ, ನಾವು ನಿಧಾನಕ್ಕೆ ಪಕ್ಕಕ್ಕೆ ಸರಿಯುವುದು. ಎಂಟು ವರ್ಷದವರೆಗೆ ಇವತ್ತಿನ ಪಾಠ ಏನು ಎಂದು ನಾನು ಹೇಳುತ್ತೇನೆ. ಒಂಬತ್ತಕ್ಕೆ ಕೆಲಸ ನಾನು ಹೇಳುತ್ತೇನೆ, ಯಾವುದು ಮೊದಲು ಎಂದು ಮಗು ಹೇಳುತ್ತದೆ. ಹತ್ತು ಹನ್ನೊಂದಕ್ಕೆ ರಾತ್ರಿ ಮಲಗುವ ಮೊದಲು ನಾಳೆಯ ಮೂರು ಕೆಲಸವನ್ನು ಮಗುವೇ ಚೀಟಿಯಲ್ಲಿ ಬರೆದಿಡುತ್ತದೆ, ನಾನು ನೋಡುತ್ತೇನೆ. ಹನ್ನೆರಡಕ್ಕೆ ವಾರದ ಯೋಜನೆ ಅದರದ್ದು, ಶನಿವಾರ ಒಂದು ಸಲ ಕೂತು ಮಾತಾಡುತ್ತೇವೆ. ಅವಸರ ಮಾಡಿ ಒಮ್ಮೆಲೇ ಎಲ್ಲ ಬಿಟ್ಟುಕೊಟ್ಟರೆ ಕೆಡುತ್ತದೆ. ನಾನು ಮಗಳಿಗೆ ಹತ್ತನೇ ವಯಸ್ಸಿಗೇ ವಾರದ ಯೋಜನೆ ಕೊಟ್ಟಿದ್ದೆ. ಒಂದು ತಿಂಗಳು ಬರೀ ಚಿತ್ರ ಬಿಡಿಸಿದಳು. ಬೈಯಲಿಲ್ಲ, ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡಿದೆವು.

ಮಳೆಗಾಲದ ಪಾಠ

ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟನ್ನೂ ನೆಟ್ಟನ್ನೂ ನಂಬಿ ಪಾಠ ಹಾಕಬೇಡಿ. ಮಳೆಯನ್ನೇ ಹಿಡಿಯಿರಿ. ನೇರ ಗೋಡೆಯ ಯಾವುದೇ ಪಾತ್ರೆಯನ್ನು ಮರ, ಮನೆಯ ಮಾಡಿನಿಂದ (ಛಾವಣಿಯಿಂದ) ದೂರ ಬಯಲಲ್ಲಿಟ್ಟು, ಬೆಳಿಗ್ಗೆ ತಿಂಡಿಗೆ ಮುಂಚೆ ಸ್ಕೇಲ್ ಹಾಕಿ ಎಷ್ಟು ಮಿಲಿಮೀಟರ್ ಎಂದು ಕ್ಯಾಲೆಂಡರಿನಲ್ಲಿ ಬರೆಯುವುದು. ಪಕ್ಕದಲ್ಲಿ ಇನ್ನೊಂದು ಅಗಲದ ನೇರ ಪಾತ್ರೆ ಇಡಿ. ಎರಡರಲ್ಲೂ ನೀರಿನ ಎತ್ತರ ಒಂದೇ ಯಾಕೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಿನ ಮೇಲೆ 80 ಮಿಲಿಮೀಟರ್ ಬಿದ್ದ ದಿನ 8,000 ಲೀಟರ್. "ಅಷ್ಟು ನೀರು ಎಲ್ಲಿಗೆ ಹೋಯ್ತು?" ಎಂದು ಸಣ್ಣವ ಕೇಳಿದ. ಮಳೆ ಬಿಟ್ಟ ಮೇಲೆ ನೀರಿನ ಹಿಂದೆಯೇ ನಡೆದೆವು. ಅಂಗಳದಿಂದ ಕಣಿ, ಕಣಿಯಿಂದ ತೋಡು. ತೋಡು ಹೊಳೆಗೆ, ಹೊಳೆ ಕಡಲಿಗೆ. ವಾಪಸ್ ಬರುವಾಗ ಗುಡ್ಡೆಯ ಬುಡದ ಸುರಂಗ ನೋಡಿದೆವು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡವಾಗಿ ಕೊರೆದದ್ದು, ಪಂಪಿಲ್ಲದೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಮಾಡಿನ ನೀರೆಲ್ಲ ಓಡಿಹೋಗುವುದಿಲ್ಲ, ಸ್ವಲ್ಪ ಗುಡ್ಡೆಯ ಹೊಟ್ಟೆಯಲ್ಲಿ ಉಳಿಯುತ್ತದೆ ಎನ್ನುವುದಕ್ಕೆ ಬೇರೆ ಚಿತ್ರ ಬೇಕಾಗಲಿಲ್ಲ.

ಸಮಾಜ ಪಾಠಕ್ಕೆ ನಕ್ಷೆ ಒಂದು ಸಾಕು. 1956ರ ನವೆಂಬರ್ 1ರ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದವರು, ಆಮೇಲೆ ಕೇರಳದವರು, 1984ರಲ್ಲಿ ಪ್ರತ್ಯೇಕ ಜಿಲ್ಲೆಯವರು. ಅಜ್ಜ ಮನೆ ಬಿಟ್ಟು ಕದಲದೆ ರಾಜ್ಯ ಬದಲಿಸಿದ ಕತೆ ಮಕ್ಕಳಿಗೆ ಬಹಳ ಇಷ್ಟ. ಬೇಸಗೆಯಲ್ಲಿ ಬೇಕಲ ಕೋಟೆ, ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಮನೆ. ವರ್ಷಕ್ಕೆ ಎರಡು ತಿರುಗಾಟ ಸಾಕು, ಆದರೆ ಬಂದ ಮೇಲೆ ಎರಡು ಪುಟ ಬರೆಯಲೇಬೇಕು.

ಜೊತೆಗಾರರು, ಜಗಳ, ಫೈಲು

ಮನೆಶಾಲೆಯ ದೊಡ್ಡ ಕೊರತೆ ಬೇರೆ ಮಕ್ಕಳು. ಇದನ್ನು ಒಪ್ಪಿಕೊಳ್ಳದವರು ಸುಳ್ಳು ಹೇಳುತ್ತಾರೆ. ಊರಿನ ಗ್ರಂಥಾಲಯ, ಭಜನಾ ಮಂದಿರ, ಸಂಜೆಯ ಮೈದಾನ, ಯಕ್ಷಗಾನದ ಕ್ಲಾಸು, ಇವುಗಳಲ್ಲಿ ಎರಡಾದರೂ ವಾರದಲ್ಲಿ ಇರಲಿ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಕಲಿಸುವವರಿಗೆ ಬರ ಇಲ್ಲ. ಮಗಳು ತಾಳಕ್ಕೆ ಹೆಜ್ಜೆ ಹಾಕಲು ಹೋಗಿ ಭಿನ್ನರಾಶಿ ಅರ್ಥ ಮಾಡಿಕೊಂಡು ಬಂದಳು.

ಜಗಳ ಆಗುತ್ತದೆ. ಶಾಲೆಯ ಟೀಚರಿಗೆ ತೋರಿಸದ ಹಟವನ್ನು ಅಮ್ಮನಿಗೆ ತೋರಿಸುತ್ತವೆ. ಧ್ವನಿ ಏರಿತು ಎಂದಾದರೆ ಪುಸ್ತಕ ಮುಚ್ಚಿ ಎದ್ದುಬಿಡಿ. ಅಡಿಕೆ ಒಣಗಲು ಹಾಕಿದ್ದರೆ ಅದನ್ನು ಕಾಲಲ್ಲಿ ಆಡಿಸಿ ಬನ್ನಿ, ಇಬ್ಬರೂ. ಅದೇ ಪಾಠ ಮಧ್ಯಾಹ್ನಕ್ಕೆ ನಡೆಯುತ್ತದೆ.

ತಿಂಗಳ ಕೊನೆಗೆ ಪ್ರತಿ ವಿಷಯದ ಎರಡು ಹಾಳೆಯನ್ನು, ಒಳ್ಳೆಯದೊಂದು ಸಾಧಾರಣದ್ದೊಂದು, ದಿನಾಂಕ ಹಾಕಿ ಫೈಲಿಗೆ ಸೇರಿಸಿ. ಶಾಲೆಗೆ ಸೇರಿಸಬೇಕಾಗಿ ಬಂದರೆ ಮಗು ಎಲ್ಲಿದೆ ಎಂದು ತೋರಿಸಲು ಇದು ಬೇಕು. ಹತ್ತನೇ ತರಗತಿಗೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ. 14 ತುಂಬಿರಬೇಕು, ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವೂ ಪಟ್ಟಿಯಲ್ಲಿದೆ. ಒಮ್ಮೆ ಸೇರಿದರೆ ಐದು ವರ್ಷದೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಬರೆದು ಮುಗಿಸಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್.

ನಮ್ಮ ಮಗಳು ಈಗಲೇ ಅಕ್ಟೋಬರ್ ಎಂದು ನಿರ್ಧರಿಸಿದ್ದಾಳೆ. ಬಹಳ ಯೋಚಿಸಿದ್ದಾಳೆ ಎಂದುಕೊಂಡು ಕಾರಣ ಕೇಳಿದೆ. "ಏಪ್ರಿಲಿನಲ್ಲಿ ಕಾಟುಮಾವಿನ ಹಣ್ಣು ಬೀಳ್ತದಲ್ಲಮ್ಮ" ಎಂದಳು.